ಗುಂಡಿ ತೆಗೆದವರು

“ಅಪ್ಪಾ, ತಾತ ಸರ್ವೆ ಆಫೀಸಿನಲ್ಲಿ ಇದ್ದದ್ದು ನಿಜಾನಾ?”

ಮೇಷ್ಟ್ರ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವರು, ಹುಡುಗರು ಸುಳ್ಳು ಹೇಳಿದರೆ ಮುಖ ನೋಡಿಯೇ ಹಿಡಿಯುತ್ತಿದ್ದವರು, ಈಗ ಸ್ವಂತ ಮಗಳ ಕಣ್ಣು ತಪ್ಪಿಸಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಉತ್ತರವನ್ನೇನೂ ಅದರಲ್ಲಿ ಬರೆದಿಟ್ಟಿರಲಿಲ್ಲ.

ಇಷ್ಟಕ್ಕೂ ಕಾರಣ ಬೀಗರು. ಮುಂದಿನ ತಿಂಗಳು ಮಗಳ ಮದುವೆ. ಗಂಡಿನ ತಾಯಿಗೆ ವಂಶದ ಹುಚ್ಚು. ತಮ್ಮ ಕಡೆಯ ಆರು ತಲೆಮಾರಿನವರ ಹೆಸರು, ಹುದ್ದೆ, ಹುಟ್ಟಿದ್ದು, ಸತ್ತದ್ದು ಎಲ್ಲವನ್ನೂ ಪುಸ್ತಕ ಮಾಡಿಸಿ, ಮದುವೆಗೆ ಬಂದವರ ಕೈಗೆಲ್ಲ ಒಂದೊಂದು ಕೊಡಬೇಕೆಂದು ಹೊರಟಿದ್ದರು. “ನಿಮ್ಮ ಕಡೇದೂ ಒಂದು ಪುಟ ಕೊಟ್ಟುಬಿಡಿ, ಖಾಲಿ ಬಿಟ್ಟರೆ ನೋಡೋದಕ್ಕೆ ಚೆನ್ನಾಗಿರಲ್ಲ” ಎಂದು ನಗುನಗುತ್ತಲೇ ಚುಚ್ಚಿದ್ದರು. ಮೇಷ್ಟ್ರು ‘ತಂದೆ: ಸರ್ವೆ ಅಧಿಕಾರಿ’ ಎಂದು ಬರೆದರು. ತೀರಿಕೊಂಡ ತಾರೀಕು ಕೇಳಿದರೆ ನೆನಪಿಲ್ಲವೆಂದರು. ಅಪ್ಪನಿಗೆ ವಯಸ್ಸಾಯಿತೆಂದು ಮರುಗಿದ ಮಗಳು, ಯಾರಿಗೂ ಹೇಳದೆ ಬೆಳಿಗ್ಗೆಯೇ ಊರಾಚೆಯ ಸ್ಮಶಾನದ ಕಚೇರಿಗೆ ಹೋಗಿ, ಗುಮಾಸ್ತರನ್ನು ಕಾಡಿಬೇಡಿ ಹಳೆಯ ರಿಜಿಸ್ಟರುಗಳನ್ನು ತೆಗೆಸಿದ್ದಳು.

“ಸತ್ತವರ ಹೆಸರಲ್ಲಿ ಹುಡುಕ್ತಾ ಹೋದೆ ಅಪ್ಪಾ. ತಾತನ ಹೆಸರು ಸಿಕ್ತು. ಒಂದು ಕಡೆ ಅಲ್ಲ, ಪುಟ ತಿರುಗಿಸಿದಲ್ಲೆಲ್ಲಾ! ಆದ್ರೆ ಸತ್ತವರ ಸಾಲಲ್ಲಿ ಅಲ್ಲ…” ಮಗಳು ಮೊಬೈಲನ್ನು ಮೇಜಿನ ಮೇಲೆ ಅವರತ್ತ ಸರಿಸಿದಳು. “‘ಗುಂಡಿ ತೆಗೆದವರು’ ಅಂತ ಒಂದು ಕಾಲಂ ಇದೆ ನೋಡಿ, ಅದರಲ್ಲಿ. ಹತ್ತೊಂಬತ್ತು ವರ್ಷ! ಅವರಪ್ಪನ ಹೆಸರು, ಮನೆ ನಂಬರು, ಎಲ್ಲಾ ನಮ್ಮದೇ.”

ಅಯ್ಯೋ, ಯಾವುದನ್ನು ಮುಚ್ಚಿಡಲು ಇಡೀ ಆಯಸ್ಸು ಸವೆಸಿದ್ದರೋ ಅದು ಕಾಫಿ ಲೋಟದ ಪಕ್ಕದಲ್ಲಿ ಬಿದ್ದುಕೊಂಡಿತ್ತು! ಮೊದಲ ಸುಳ್ಳು ಹೇಳಿದ್ದು ಟ್ರೈನಿಂಗ್ ಕಾಲೇಜಿಗೆ ಸೇರುವಾಗ. ಅರ್ಜಿಯಲ್ಲಿ ತಂದೆಯ ಕೆಲಸ ಕೇಳಿದ್ದರು. ಅಪ್ಪ ನೆಲ ಅಳೆಯುತ್ತಿದ್ದದ್ದೇನೋ ಸುಳ್ಳಲ್ಲ… ಆರಡಿ ಉದ್ದ, ಎರಡೂವರೆ ಅಡಿ ಅಗಲ. ಹಾಗಾಗಿ ‘ಸರ್ವೆ’ ಎಂದು ಬರೆದರು. ಗೆಳೆಯರಿಗೆ ಅದನ್ನೇ ಹೇಳಿದರು, ಕಟ್ಟಿಕೊಂಡ ಹೆಂಡತಿಗೂ ಅದನ್ನೇ ಹೇಳಿದರು. ಆಕೆ ಪಾಪ, ಮಾವನವರು ಅಧಿಕಾರಿಯೆಂದು ನಂಬಿಯೇ ಆರು ವರ್ಷದ ಹಿಂದೆ ಕಣ್ಣು ಮುಚ್ಚಿದಳು. ಅಷ್ಟೇ ಅಲ್ಲ, ಮೇಷ್ಟ್ರ ಓದು ಬರಹ ಬಾರದ ತಾಯಿ ಕೂಡ ಮಗನಿಗಾಗಿ ಆ ಸುಳ್ಳನ್ನು ಬಾಯಿಪಾಠ ಮಾಡಿಕೊಂಡು, ಕೇಳಿದವರಿಗೆಲ್ಲ “ನಮ್ಮನೆಯವರು ಸರ್ವೇಲಿದ್ರು” ಎಂದು ನಲವತ್ತು ವರ್ಷ ಒಪ್ಪಿಸಿದ್ದರು.

“ತಲೆ ಯಾಕೆ ತಗ್ಗಿಸ್ತೀರಿ ಅಪ್ಪಾ? ದುಡಿದು ತಿಂದವರು ತಾನೆ, ಕದ್ದು ತಿಂದವರಲ್ಲವಲ್ಲ” ಎಂದಳು ಮಗಳು. ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಅವಳ ಬೆರಳು ಇನ್ನೊಂದು ಚಿತ್ರಕ್ಕೆ ಸರಿಯಿತು. “ಆದ್ರೆ ಇದೊಂದು ನನಗೆ ಅರ್ಥ ಆಗ್ಲಿಲ್ಲ. ಇದು ತಾತ ಹೋದ ದಿನದ್ದು.”

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಮೃತನ ಹೆಸರು: ಅಪ್ಪನದು. ಗುಂಡಿ ತೆಗೆದವರು: ಮೃತನ ಹೆಂಡತಿ. ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಷರಾ: ಬೇರೆ ಆಳು ಸಿಗಲಿಲ್ಲ. ಮಗ ಬರಲಿಲ್ಲ.

ಲೋಟ ಮೇಜಿನ ಮೇಲೆ ಉರುಳಿತು. ಕಾಫಿ ಹರಿದು ಪಂಚೆಯ ಮೇಲೆ ಸುರಿದರೂ ಅವರಿಗೆ ಗೊತ್ತಾಗಲಿಲ್ಲ. ಬೇರೆ ಸ್ಮಶಾನದಿಂದ ಆಳೊಬ್ಬ ಬಂದಿದ್ದನೆಂದು ಅಮ್ಮ ಹೇಳಿದ್ದಳಲ್ಲ! ಮರುದಿನ ಮನೆಗೆ ಬಂದಾಗ ಅವಳ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಬಿಸಿ ಪಾತ್ರೆ ಹಿಡಿದೆ ಅಂದಿದ್ದಳು. ಎರಡು ಕೈಯೂ ಒಟ್ಟಿಗೆ ಸುಡುವ ಪಾತ್ರೆ ಯಾವುದೆಂದು ಆಗ ಅವರು ಕೇಳಲಿಲ್ಲ. ಕೇಳದೇ ಇರುವುದೇ ಅನುಕೂಲವಾಗಿತ್ತು.

“ನಿಮಗೆ ಗೊತ್ತಿತ್ತಾ?”

“ಇಲ್ಲ ಮಗಳೇ… ಇದು ಗೊತ್ತಿರಲಿಲ್ಲ…”

ಮಗಳು ಎದ್ದು ಒಳಕೋಣೆಗೆ ನಡೆದಳು. ಮೇಷ್ಟ್ರು ಗೋಡೆ ಹಿಡಿದುಕೊಂಡು ಹಿಂದೆ ಹೋದರು. ಅಜ್ಜಿ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಎಂಬತ್ತಾರಾದರೂ ಮಗನ ಅಂಗಿಯನ್ನು ಬೇರೆಯವರು ಮಡಚಿದರೆ ಸಮಾಧಾನವಿಲ್ಲ.

“ಅಜ್ಜೀ, ತಾತನಿಗೆ ಗುಂಡಿ ತೆಗೆದದ್ದು ನೀನಾ?”

ಅಜ್ಜಿಯ ಕೈ ನಿಂತಿತು. ಅವರು ನೋಡಿದ್ದು ಮೊಮ್ಮಗಳನ್ನಲ್ಲ, ಬಾಗಿಲಲ್ಲಿ ನಿಂತ ಮಗನನ್ನು.

“ಇನ್ಯಾರು ತೆಗೀಬೇಕಿತ್ತೇ? ಆ ಕೆಲಸಕ್ಕೆ ಅಲ್ಲಿದ್ದದ್ದು ಅವರೊಬ್ಬರೇ. ಅವರೇ ಮಲಗಿಬಿಟ್ರಲ್ಲ!”

“ಅಪ್ಪ ಎಲ್ಲಿದ್ರು?”

“ನಿಮ್ಮಪ್ಪನಿಗೆ ಪರೀಕ್ಷೆ ಕಣೇ. ಬಿಟ್ಟು ಬರೋಕಾಗುತ್ತಾ? ಬರಬೇಡ ಅಂತ ನಾನೇ ಹೇಳಿ ಕಳಿಸಿದ್ದೆ.” ಎಷ್ಟು ಸರಾಗವಾಗಿ ಬಂತು ಮಾತು! “ಪಾಪ, ಅಲ್ಲಿ ಒಬ್ಬನೇ ಎಷ್ಟು ಅತ್ತನೋ ಏನೋ.”

ಮಗಳ ಮುಖ ಸಡಿಲವಾಯಿತು. ಅವಳು ತಿರುಗಿ ಅಪ್ಪನನ್ನು ಕನಿಕರದಿಂದ ನೋಡಿದಳು. ಒಂದು ‘ಹೂಂ’ ಅಂದುಬಿಟ್ಟಿದ್ದರೆ ಮೇಷ್ಟ್ರು ಬಚಾವಾಗುತ್ತಿದ್ದರು. ಆದರೆ ಆ ಕನಿಕರವನ್ನು ಅವರಿಂದ ಸಹಿಸಲಾಗಲಿಲ್ಲ. ಪರೀಕ್ಷೆ ಮುಗಿದು ಎರಡು ದಿನವಾಗಿತ್ತು. ಬರಬೇಡವೆಂದು ಯಾರೂ ಹೇಳಿರಲಿಲ್ಲ, ಬೇಗ ಬಾ ಎಂದೇ ಹೇಳಿ ಕಳಿಸಿದ್ದರು.

“ಸುಳ್ಳು ಮಗಳೇ! ನಾನು ಬಂದಿದ್ದೆ…” ಎಂದುಬಿಟ್ಟರು ಮೇಷ್ಟ್ರು. “ಬಸ್ಸಿನಲ್ಲಿ ಟ್ರೈನಿಂಗ್ ಕಾಲೇಜಿನ ಕ್ಲಾಸಿನವರಿಬ್ಬರು ಜೊತೆಯಾದರು. ಸ್ಮಶಾನದ ಗೇಟಿನ ಹತ್ತಿರ ಇಳಿದಾಗ ಅವರೂ ಇಳಿದರು. ‘ಇಲ್ಲೇನೋ ನಿನ್ನ ಕೆಲಸ?’ ಅಂದರು. ಒಳಗೆ ನೋಡಿದೆ. ದೂರದಲ್ಲಿ ಗುಂಡಿಯಿಂದ ಮಣ್ಣು ಮೇಲೆ ಬಂದು ಬೀಳ್ತಿತ್ತು. ತೆಗೆಯೋರು ಕಾಣಿಸಲಿಲ್ಲ. ಯಾರೋ ತೆಗೀತಿದಾರಲ್ಲ, ಇನ್ನು ನಾನು ಹೋಗಿ ಏನು ಮಾಡೋದಿದೆ ಅಂದುಕೊಂಡೆ… ಅವರಿಗೆ ‘ಏನೂ ಇಲ್ಲ’ ಅಂದೆ… ಅವರ ಜೊತೆ ಹೊರಟುಹೋದೆ. ನಮ್ಮಪ್ಪನ್ನ ಮಣ್ಣು ಮಾಡೋ ದಿನ ನಾನು ಹೋಟೆಲಲ್ಲಿ ಕೂತು ಟೀ ಕುಡಿದೆ!”

ಮಗಳ ಕಣ್ಣಿನಲ್ಲಿದ್ದ ಕನಿಕರ ಹೋದದ್ದನ್ನು ಮೇಷ್ಟ್ರು ನೋಡಿದರು. ಅಮ್ಮನ ಕಾಲ ಬಳಿ ಕುಸಿದು ಕೂತರು. “ಅಮ್ಮಾ, ಆ ಮಣ್ಣು ಎತ್ತಿ ಹಾಕ್ತಿದ್ದದ್ದು ನೀನು ಅಂತ ಗೊತ್ತಿದ್ದಿದ್ರೆ…”

“ಗೊತ್ತಾಗಬಾರದು ಅಂತಲೇ ಅಲ್ಲವೇನೋ ನಾನು ಬಗ್ಗಿದ್ದು!”

ಅಜ್ಜಿ ಅಂಗಿಯ ತೋಳನ್ನು ನೇವರಿಸುತ್ತ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮೆಲ್ಲಗೆ ಹೇಳಿದರು: “ನೀನು ಗೇಟಿನಲ್ಲಿ ನಿಂತದ್ದು ಕಾಣಿಸ್ತು ಮಗಾ. ಜೊತೇಲಿ ಇಸ್ತ್ರಿ ಬಟ್ಟೆ ಹಾಕ್ಕೊಂಡ ಹುಡುಗರು. ನಾನು ಮೈಯೆಲ್ಲಾ ಮಣ್ಣು. ಇವಳೇ ನನ್ನ ತಾಯಿ ಅಂತ ಅವರೆದುರು ಹೇಳೋಕೆ ನಿನಗೆ ಎಷ್ಟು ಕಷ್ಟ ಆಗುತ್ತೋ ಅನ್ನಿಸ್ತು. ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು ಕೈಯಿಂದ್ಲೇ ಮಣ್ಣು ಎತ್ತಿ ಹಾಕಿದೆ. ನೀನು ಹೋದ ಮೇಲೆ ಎದ್ದೆ.”

ಮೇಷ್ಟ್ರು ಬಿಕ್ಕಿಬಿಕ್ಕಿ ಅತ್ತರು. ಅಜ್ಜಿ ಅವರ ತಲೆ ಸವರುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಮಗಳು ಹೊರಗೆ ಹೋಗಿ ಬೀಗರಿಗೆ ಕಳಿಸಬೇಕಾದ ಹಾಳೆ ತಂದಳು. ‘ಸರ್ವೆ ಅಧಿಕಾರಿ’ಯ ಮೇಲೆ ಗೆರೆ ಎಳೆದು, ಅಪ್ಪನ ಮುಖ ನೋಡದೆ ಪೆನ್ನು ಮುಂದೆ ಹಿಡಿದಳು. “ನೀವೇ ಬರೀರಿ.”

ಮೇಷ್ಟ್ರು ನೆಲದ ಮೇಲೆ ಕೂತೇ ಬರೆದರು. ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದರು. ತಂದೆ, ಹತ್ತೊಂಬತ್ತು ವರ್ಷ ಗುಂಡಿ ತೆಗೆದವರು. ಅವರಿಗೆ ಗುಂಡಿ ತೆಗೆದದ್ದು ಅವರ ಹೆಂಡತಿ. ಮಗ ಗೇಟಿನವರೆಗೆ ಬಂದು ಹಿಂದಿರುಗಿದ.

ಅಜ್ಜಿ ಗಾಬರಿಯಾದರು. “ಲೋ, ಆ ಕೊನೇ ಸಾಲು ಹೊಡೆದುಹಾಕೋ! ಬೀಗರು ಏನಂದುಕೊಳ್ತಾರೆ? ಈ ಮಗು ಮದುವೆ ಗತಿ ಏನು? ಬೇಕಾದ್ರೆ ಪರೀಕ್ಷೆ ಇತ್ತು ಅಂತ ನಾನೇ ಅವರಿಗೆ ಹೇಳ್ತೀನಿ.”

“ಬೇಡಮ್ಮ” ಅಂದರು ಮೇಷ್ಟ್ರು. “ನನಗೋಸ್ಕರ ಇನ್ನು ನೀನು ಬಗ್ಗಬೇಡ.”

ಮಗಳು ಹಾಳೆ ತೆಗೆದುಕೊಂಡು ಇನ್ನೊಂದು ಸಲ ಪೂರ್ತಿ ಓದಿದಳು. ಏನನ್ನೂ ಹೊಡೆದುಹಾಕದೆ ಮಡಚಿ ಕವರಿಗೆ ಹಾಕಿ, ಅಂಟಿಸಿದಳು.