ಸದ್ದು ಇಂಜಿನ್ನಿನದು, ಎಳೆತ ಮೋಟಾರಿನದು

"ನಾ ಗ್ರೀಸ್ ಹಚ್ಚಿಲ್ರೀ ಅಕ್ಕಾರ! ನೌಕರಿ ಹೋದ್ರ ಹೆಂಡ್ರು ಮಕ್ಕಳನ್ನ ಕಟ್ಕೊಂಡು ಎಲ್ಲಿ ಹೋಗ್ಲಿ?"

ಫಿಟ್ಟರ್ ಮಲಕಪ್ಪ ಅಳುತ್ತ ಓಡಿ ಬಂದದ್ದು ನೀಲಾಂಬಿಕಾಳ ಬಳಿಗೆ. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ಅವಳು ತಪಾಸಣೆಯವಳು, ನಾನು ಸ್ಟೋರ್ ಕೀಪರ್ ಶ್ಯಾಮಣ್ಣ. ಏನೇ ಕಿತಾಪತಿ ನಡೆದರೂ ಕರೆಯುವುದು ಅವಳನ್ನು. ಹಿಂದೆ ಹಿಂದೆ ಓಡಾಡುವುದು ನನ್ನ ಹಣೆಬರಹ.

ಅದು 2014. ನಾವೊಂದು ಪ್ಲಗ್-ಇನ್ ಹೈಬ್ರಿಡ್ ಕಾರು ಕಟ್ಟಿದ್ದೆವು. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿ ತುಂಬಿಸಿದರೆ ಮೋಟಾರು ಚಕ್ರ ತಿರುಗಿಸುತ್ತಿತ್ತು. ಕ್ಲಚ್ ಕಚ್ಚಿಕೊಂಡಾಗ ಮಾತ್ರ ಇಂಜಿನ್ನಿನ ಬಲ ಗೇರ್‌ಬಾಕ್ಸ್ ದಾಟಿ ಚಕ್ರಕ್ಕೆ ಹೋಗುತ್ತಿತ್ತು. ಆ ಬೆಳಿಗ್ಗೆ ಇಂಜಿನ್ ಎಷ್ಟು ಬೊಬ್ಬೆ ಹೊಡೆದರೂ ಕಾರು ಅಲ್ಲಾಡಲಿಲ್ಲ. ಕ್ಲಚ್ ಕಚ್ಚದೆ ಜಾರಲೆಂದು ಯಾರೋ ಅದರ ತಟ್ಟೆಗೆ ಗ್ರೀಸ್ ಬಳಿದಿದ್ದರು. ಸಂಜೆ ಕಾರು ನೋಡಲು ಬರಲಿದ್ದ ಪುಣೆಯವರ ಮುಂದೆ ಅದನ್ನು ಓಡಿಸಲು ಮಾಲೀಕ ನಂಜಪ್ಪ ಆರಿಸಿದ್ದು ಮಲಕಪ್ಪನನ್ನು.

ನೀಲಾಂಬಿಕಾ ಎಲ್ಲರನ್ನೂ ಕಾರಿನ ಸುತ್ತ ಸೇರಿಸಿದಳು.

"ನಿನ್ನೆ ಮಧ್ಯಾಹ್ನ ಒಂದು ಗಂಟೇಲಿ ನಾನೇ ಇಂಜಿನ್ನಲ್ಲಿ ಓಡ್ಸಿ, ಪ್ಲಗ್ ಆಕಿದ್ದೆ. ಚೆನ್ನಾಗೇ ಇತ್ತು. ಆಮೇಲೆ ಈ ಮಲಕಪ್ಪನ್ನ ಬೊಮ್ಮನಹಳ್ಳಿಗೆ ಬೇರಿಂಗ್ ತರಾಕೆ ಕಳಿಸ್ದೆ, ಬಂದಿದ್ದು ಆರಕ್ಕೆ," ಎಂದರು ನಂಜಪ್ಪ.

ಇಂಜಿನಿಯರ್ ಶಶಿಕುಮಾರ್ ಮುಂದುವರಿಸಿದ: "ಐದಕ್ಕೆ ಪ್ಲಗ್ ಕಿತ್ತು ಮಾದನಾಯಕನಹಳ್ಳಿವರೆಗೂ ಇಂಜಿನ್ನಲ್ಲೇ ಹೋಗ್ಬಂದೆ. ಸಕ್ಕತ್ತಾಗಿತ್ತು! ಆರಕ್ಕೆ ಕೀ ಸಾರ್ ಕೈಗೆ ಕೊಟ್ಟೆ. ಆಮೇಲೆ ಕಾರ್ ತೊಳೆಯೋಕೆ ನಿಂತೋನು ಇವನೊಬ್ನೇ."

ನಾನು ಸುಮ್ಮನಿರುತ್ತೇನೆಯೇ? "ಹೌದು ಕಣ್ರೀ! ಐದಕ್ಕೆ ಗೇಟ್ ಹತ್ರ ಇಂಜಿನ್ ಸದ್ದು ನಾನೇ ಕೇಳ್ದೆ!" ಎಂದೆ. ಒಂದು ಸಲವಾದರೂ ಕೇಸು ಬಿಡಿಸಿದವನು ನಾನಾಗಬೇಕಿತ್ತು.

"ಮಲಕಪ್ಪ, ನಾಳೆಯಿಂದ ಬರಬ್ಯಾಡ," ಎಂದುಬಿಟ್ಟರು ನಂಜಪ್ಪ.

"ತಡೀರಿ ಸಾರ್," ನೀಲಾಂಬಿಕಾ ಚಾರ್ಜರ್ ಪಕ್ಕದ ಹಲಗೆ ತೋರಿಸಿದಳು. ಪ್ಲಗ್ ಕಿತ್ತವರು ಬ್ಯಾಟರಿ ಶೇಕಡಾ ಎಷ್ಟಿದೆಯೆಂದು ಅಲ್ಲಿ ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಪದ್ಧತಿ. "ಐದಕ್ಕ ನೂರು ಅಂತ ಶಶಿಕುಮಾರ್ ಅವರೇ ಬರದಾರ. ಈಗ ಡ್ಯಾಶ್‌ಬೋರ್ಡ್ ನೋಡ್ರಿ, ನಲವತ್ತೈದು. ಇಂಜಿನ್ ಎಳೆದಿದ್ರ ಬ್ಯಾಟರಿ ಯಾಕ ಇಳೀತು? ಆರರಿಂದ ಕೀಲಿ ನಿಮ್ಮ ಕಿಸೆದಾಗ ಐತಿ, ಬ್ಯಾರೆ ಯಾರೂ ಓಡಿಸಿಲ್ಲ."

ನಮ್ಮ ಪೀಣ್ಯದವರು ಗಾಡಿಯನ್ನು ಕಿವಿಯಿಂದಲೇ ಅಳೆಯುವವರು. ನಾನೂ ಬರೀ ಸದ್ದು ಕೇಳಿಯೇ ಸಾಕ್ಷಿ ಹೇಳಿದ್ದೆ.

"ಸದ್ದು ಕೇಳಲಿ ಅಂತ ಇಂಜಿನ್ ಸುಮ್ಮನ ಚಾಲೂ ಇಟ್ಟು, ಶಶಿಕುಮಾರ್ ಅವರು ಮೋಟಾರ್ ಮ್ಯಾಲೆ ಓಡಿಸ್ಯಾರ. ಯಾಕಂದ್ರ ಐದಕ್ಕ ಮೊದಲೇ ಕ್ಲಚ್ ಕೆಟ್ಟಿತ್ತು, ಅದು ಅವರಿಗೆ ಗೊತ್ತಿತ್ತು. ಕೆಡಿಸಿದವರಿಗೆ ಅಲ್ದ ಇನ್ಯಾರಿಗೆ ಗೊತ್ತಿರ್ತದ? ಆ ಹೊತ್ತಿಗೆ ಮಲಕಪ್ಪ ಬೊಮ್ಮನಹಳ್ಳ್ಯಾಗಿದ್ದ," ಎಂದಳು ನೀಲಾಂಬಿಕಾ.

ಶಶಿಕುಮಾರ್ ಕಿರುಚಿದ: "ಬಿ.ಇ. ಮಾಡಿರೋನು ನಾನು! ಪುಣೆಯವ್ರ ಮುಂದೆ ಸ್ಟೇರಿಂಗ್ ಇವನ ಕೈಗಾ?"

"ಗೇಟ್ ಅಲ್ಲೈತೆ, ನಡಿ," ಎಂದು ಅವನಿಗೆ ಹೇಳಿ, ನಂಜಪ್ಪ ಕೀಲಿಯನ್ನು ಮಲಕಪ್ಪನಿಗೆ ಕೊಟ್ಟರು.

ಮಲಕಪ್ಪ ಕಣ್ಣೊರೆಸಿಕೊಂಡು ನೇರ ನನ್ನ ಬಳಿ ಬಂದ. "ಬ್ಯಾಸರ ಮಾಡ್ಕೋಬ್ಯಾಡ್ರೀ ಅಣ್ಣಾರ. ನೀವು ಕೇಳಿದ್ದು ಹೇಳಿದ್ರಿ. ನಿಮಗ ನನ್ನ ಮ್ಯಾಲೆ ಏನ್ ಹೊಟ್ಟೆಕಿಚ್ಚು ಐತಿ?"

ಅವನ ಮೇಲೆ ಇರಲಿಲ್ಲ, ನಿಜ. ನೀಲಾಂಬಿಕಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಅದೂ ಗೊತ್ತಾಗಿತ್ತು.