ಕೇಳದೆ ಸರಿದ ಬಾಣ

...ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ನಾಲ್ಕು. ಹದಿನೇಳನೆಯ ರಕ್ತಪರೀಕ್ಷೆಯ ವರದಿಯನ್ನು ಅಷ್ಟು ಟೈಪ್ ಮಾಡುವುದರೊಳಗೆ ಪರದೆಯ ಮೇಲಿನ ಬಾಣ ತಾನಾಗಿಯೇ ಸರಿಯಿತು.

ಅವಳ ಎರಡೂ ಕೈ ಕೀಬೋರ್ಡಿನ ಮೇಲಿದ್ದವು. ಮೌಸ್ ಮುಟ್ಟಿಯೇ ಇರಲಿಲ್ಲ!

ಬಾಣ ನೇರ ಮೂಲೆಗೆ ಹೋಯಿತು. ಊಟದ ಬಿಡುವಿನಲ್ಲಿ ಅಕ್ಕನಿಗೆಂದು ಟೈಪ್ ಮಾಡಿ, ಕಳಿಸಲು ಧೈರ್ಯ ಸಾಲದೆ ಇಟ್ಟುಕೊಂಡಿದ್ದ ಕಾಗದವನ್ನು ತೆರೆಯಿತು. ಒಂದೆರಡು ಕ್ಷಣ... ಆಮೇಲೆ ಪರದೆ ಪೂರ್ತಿ ಕಪ್ಪಾಯಿತು.

"ಏನೇ, ದೆವ್ವ ಕಂಡೋಳ ಹಾಗೆ ಕೂತಿದ್ದೀಯ?" ಪಕ್ಕದ ಮೇಜಿನ ಹಿರಿಯ ಟೈಪಿಸ್ಟ್ ಕೆಣಕಿದಳು. "ನಿನ್ನ ಎದುರುಮನೆಯವರು ಬಂದಿದ್ರಾ?"

ಎದುರುಮನೆಯವರೆಂದರೆ ರಸ್ತೆಯಾಚೆಯ ಕಟ್ಟಡದಲ್ಲಿ ಕೂತು, ಲ್ಯಾಬಿನ ನಲವತ್ತು ಕಂಪ್ಯೂಟರ್‌ಗಳನ್ನು ಅಲ್ಲಿಂದಲೇ ನೋಡಿಕೊಳ್ಳುವವನು. ಆರು ತಿಂಗಳ ಪರಿಚಯ, ಮುಖ ಮಾತ್ರ ನೋಡಿಲ್ಲ. ಏನು ಕೆಟ್ಟರೂ ಮೊದಲು ಅವನ ಸಾಲು ಮೂಡುತ್ತಿತ್ತು: 'ಒಳಗೆ ಬರಬಹುದಾ, ಮೇಡಂ?' ಅವಳು ಒಪ್ಪಿದರಷ್ಟೇ ಬಾಣ ಅವನ ಕೈಗೆ.

ಆ ಒಂದು ಪ್ರಶ್ನೆಗೇ ಅವಳು ಸೋತಿದ್ದಳು. ಐದು ವರ್ಷ ಜೊತೆಗಿದ್ದ ಗಂಡ, ಅವಳು ಸ್ನಾನಕ್ಕೆ ಹೋದಾಗಲೆಲ್ಲ ಅವಳ ಫೋನ್ ಜಾಲಾಡುತ್ತಿದ್ದ. ಒಂದು ದಿನವೂ ಕೇಳಿರಲಿಲ್ಲ. ಆ ಮನೆ ಬಿಟ್ಟು ಬಂದದ್ದೇ ಅದಕ್ಕೆ.

'ಇವನೂ ಅಷ್ಟೇ ಆದನಲ್ಲ...'

ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಇಳಿದು, ರಸ್ತೆ ದಾಟಿ, ಆ ಬಾಗಿಲು ತಳ್ಳಿದಳು.

ಕೊರೆಯುವ ಚಳಿಯ ಕೋಣೆ. ಮಿನುಗುವ ಹಸಿರು ದೀಪಗಳು. ಸ್ವೆಟರ್ ತೊಟ್ಟ, ಕಿವಿಯ ಬಳಿ ಕೂದಲು ನರೆತ ಒಬ್ಬ. ಪಕ್ಕದಲ್ಲಿ ಹೊಡೆದುಕೊಳ್ಳುತ್ತಿದ್ದ ಫೋನನ್ನು ಅವನು ಎತ್ತುತ್ತಿರಲಿಲ್ಲ.

"ಯಾರು ಬೇಕಿತ್ತು?"

"ನಾಲ್ಕನೇ ಮಹಡಿ, ಆರನೇ ಕಂಪ್ಯೂಟರ್!"

ಅವನು ಎದ್ದೇ ನಿಂತ. "ಮೇಡಂ... ನೀವಾ!"

"ನನ್ನ ಕಾಗದ ಓದಿ ಮುಗೀತಾ? ಉತ್ತರ ಬರೆಯೋಕೆ ಪೆನ್ನು ಕೊಡ್ಲಾ?"

ಅವನು ತನ್ನ ಪರದೆಯನ್ನು ಅವಳತ್ತ ತಿರುಗಿಸಿದ. "ನಿಮ್ಮ ಕಂಪ್ಯೂಟರ್ ಒಳಗೆ ಯಾರು ಯಾವಾಗ ಬಂದ್ರು ಅಂತ ಇಲ್ಲಿ ದಾಖಲಾಗುತ್ತೆ. ನಾನೂ ಅಳಿಸೋಕಾಗಲ್ಲ. ನೀವೇ ಓದಿ."

ಸಾಲು ಸಾಲಾಗಿ ಅವನ ಹೆಸರು. ಪ್ರತಿ ಸಾಲಿನಲ್ಲೂ ಕೇಳಿದ ಸಮಯ, ಅವಳು ಒಪ್ಪಿದ ಸಮಯ. ಒಂದು ಕಡೆ ಕೇಳಿದ್ದು ಹನ್ನೊಂದು ಗಂಟೆ ಎರಡು ನಿಮಿಷಕ್ಕೆ, ಒಪ್ಪಿಗೆ ಹನ್ನೊಂದೂ ನಲವತ್ತೊಂದಕ್ಕೆ. ಅವತ್ತು ಅವಳು ಮೀಟಿಂಗಿನಲ್ಲಿದ್ದಳು.

"ಅಷ್ಟು ಹೊತ್ತು ಸುಮ್ನೆ ಕಾದ್ರಾ? ಕೇಳದೆ ಬರೋ ದಾರಿ ಇರಲಿಲ್ವಾ?"

"ಇದೆ. ಈ ಗುಂಡಿ ಒತ್ತಿದ್ರೆ ಸಾಕು."

"ಮತ್ತೆ?"

"ಮನಸ್ಸಾಗಲಿಲ್ಲ."

ಕೊನೆಯ ಸಾಲಿನಲ್ಲಿ ಅವನ ಹೆಸರಿರಲಿಲ್ಲ. ಲ್ಯಾಬಿನ ಮುಖ್ಯಸ್ಥರ ಹೆಸರಿತ್ತು. ಒಪ್ಪಿಗೆಯ ಜಾಗ ಖಾಲಿ.

"ಯಾರು ಕೆಲಸ ಬಿಡೋ ಯೋಚನೇಲಿದ್ದಾರೆ ಅಂತ ಇಣುಕೋ ಚಟ ದೊಡ್ಡವರಿಗೆ. ಇವತ್ತು ನನ್ನ ಕಣ್ಣಿಗೆ ಬಿತ್ತು. ತಕ್ಷಣ ನಿಮ್ಮ ಪರದೆ ಮುಚ್ಚಿ, ಅವರಿಗಿದ್ದ ಪ್ರವೇಶಾನೇ ಕಿತ್ತುಹಾಕಿದೆ." ಫೋನ್ ಮತ್ತೆ ಹೊಡೆದುಕೊಂಡಿತು. "ಅವರೇ ಇದು. ನಾಳೆಯಿಂದ ನನಗೆ ಕೆಲಸ ಇರುತ್ತೋ ಇಲ್ವೋ."

ಅವಳು ಆ ಖಾಲಿ ಜಾಗವನ್ನು ಮತ್ತೊಮ್ಮೆ ನೋಡಿದಳು.

"ನೀವು... ಓದಲಿಲ್ವಾ?"

"ಇಲ್ಲ. ಓದಬೇಕು ಅನ್ನಿಸಲೇ ಇಲ್ಲ ಅಂದ್ರೆ ಮಾತ್ರ ಸುಳ್ಳಾಗುತ್ತೆ."

"ಅದರಲ್ಲಿ ನಿಮ್ಮ ವಿಷಯಾನೇ ಇತ್ತು."

ಅವನ ಕಿವಿ ಕೆಂಪಾಯಿತು. "ಒಳ್ಳೇದಾ, ಕೆಟ್ಟದ್ದಾ?"

"ದೊಡ್ಡವರು ಓದಿಬಿಟ್ಟಿದ್ದಾರಲ್ಲ, ಫೋನ್ ಎತ್ತಿ ಅವರನ್ನೇ ಕೇಳಿ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಮೇಡಂ, ನಿಮ್ಮ ಕಂಪ್ಯೂಟರ್ ದಿನಾ ಕೆಡಲಿ ಅಂತ ನಾನು ದೇವರಲ್ಲಿ ಬೇಡಿಕೊಂಡಿದ್ದೀನಿ..."

"ಅದಕ್ಕೇನಾ ವಾರಕ್ಕೆರಡು ಸಲ ಪ್ರಿಂಟರ್ ಕೈಕೊಡ್ತಿದ್ದದ್ದು!"

ಅವನು ಉಸಿರೆಳೆದುಕೊಂಡು ಫೋನ್ ಎತ್ತಿದ. "ಹೌದು ಸರ್, ನಾನೇ ತೆಗೆದದ್ದು. ಇಲ್ಲ ಸರ್. ಮತ್ತೆ ಕೊಡಲ್ಲ." ದನಿ ನಡುಗುತ್ತಿತ್ತು. ಮಾತು ಮಾತ್ರ ಹಿಂದೆ ಸರಿಯಲಿಲ್ಲ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದವಳ ಒಳಗೆ ಏನೋ ತೀರ್ಮಾನವಾಯಿತು. ಆ ಐದು ವರ್ಷಗಳ ಕಥೆಯನ್ನು ತವರಲ್ಲೂ ಅವಳು ಪೂರ್ತಿ ಹೇಳಿರಲಿಲ್ಲ. ಇವನಿಗೆ ಹೇಳಬೇಕು. ಒಂದೇ ದಿನಕ್ಕಲ್ಲ, ತನಗೆ ಹೇಳಬೇಕೆನಿಸಿದಷ್ಟು, ಹೇಳಬೇಕೆನಿಸಿದಾಗ.

ಅವನು ಫೋನ್ ಕೆಳಗಿಟ್ಟ. "ಏನೋ ಯೋಚನೆ ಮಾಡ್ತಿದ್ದೀರಿ?"

"ಏನಿಲ್ಲ," ಎಂದಳು ಅವಳು, ಇನ್ನೊಂದು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಳ್ಳುತ್ತ.