ಅಳತೆ ಶರ್ಟು

"ಇದು ಯಾರ ಶರ್ಟು ಮೇಡಂ?"

ಅವಳು ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿದಳು.

ಅಂಗಡಿಯ ಬಾಗಿಲಲ್ಲಿ ಅವಳ ಗಂಡ ನಿಂತಿದ್ದ. ಎಡದೋಳು ತುಸು ಉದ್ದ, ಕತ್ತಿನ ಬಳಿ ಎರಡು ಬೆರಳು ತೂರುವಷ್ಟು ಸಡಿಲ, ಭುಜ ಒಂದು ಕಡೆಗೆ ಇಳಿಜಾರು. ಆಮೇಲೆ ಅವಳ ಕಣ್ಣು ಕಾಲರ್ ದಾಟಿ ಮೇಲೇರಿತು. ಮುಖ ಬೇರೆಯವರದು.

ಮಹಡಿಯ ಮೇಲಿನ ದಂತವೈದ್ಯರಿಗೆ ಹಲ್ಲುಸೆಟ್ಟು ಮಾಡಿಕೊಡುವವನು ಆತ. ಹಿಂದಿನ ವಾರ ಬಟ್ಟೆ ಕೊಟ್ಟು ಹೋಗಿದ್ದ. ಕತ್ತರಿಸಿ ಹೊಲಿದವಳು ಇವಳೇ.

"ನಂದೇ ಅಂತ ಆ ಮೂಲೇಲಿರೋರು ಕೊಟ್ರು. ಹಾಕ್ಕೊಂಡು ನೋಡಿದ್ರೆ ಒಳಗೆ ಇನ್ನೊಬ್ಬರಿಗೂ ಜಾಗ ಇದೆ."

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ನಾದಿನಿ ಕಿಸಕ್ಕೆಂದಳು. ಅವಳಿಗೆ ಮಾತ್ರ ನಗು ಬರಲಿಲ್ಲ. ಬಿಚ್ಚಿಕೊಡಿ, ಸರಿಮಾಡಿಕೊಡುತ್ತೇನೆ ಎಂದಳು. ಹಾಗಾದರೆ ಬನಿಯನ್ನಿನಲ್ಲೇ ಮೇಲೆ ಹೋಗಬೇಕಾಗುತ್ತದೆ, ಅಲ್ಲಿ ಹಲ್ಲುನೋವಿನವರು ಕೂತಿದ್ದಾರೆ, ಅವರ ಕಷ್ಟ ಅವರಿಗಿದೆ ಎಂದ ಆತ.

ಆ ಅಂಗಡಿಯಲ್ಲಿ ಯಾರ ಮೈಯ ಅಳತೆಯನ್ನೂ ತೆಗೆಯುತ್ತಿರಲಿಲ್ಲ. ಹಳೆಯ ಶರ್ಟು ತಂದರೆ ಅದನ್ನು ಮೇಜಿನ ಮೇಲೆ ಹರಡಿ ಅಳೆದುಕೊಳ್ಳುವಳು. ತಾರದಿದ್ದರೆ ಮನೆಗೆ ಕಳಿಸುವಳು. ಟೈಲರಮ್ಮನಿಗೆ ಮಡಿ ಜಾಸ್ತಿ ಎಂದು ಗಿರಾಕಿಗಳು ಆಡಿಕೊಂಡರು. ಈತನಲ್ಲಿ ಮೈಗೆ ಹೊಂದುವ ಶರ್ಟು ಒಂದೂ ಇರಲಿಲ್ಲ; ಹೊಲಿಸಲು ಬಂದದ್ದೇ ಅದಕ್ಕೆ. ಅವನನ್ನು ವಾಪಸು ಕಳಿಸಲು ಯಾಕೋ ಬಾಯಿ ಬಾರದೆ, ನೋಡಿದರೆ ಗೊತ್ತಾಗುತ್ತದೆ ಎಂದುಬಿಟ್ಟಿದ್ದಳು. ಕತ್ತರಿ ಹಿಡಿದ ಮೇಲೆ ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಗಿತ್ತು...

ಅವಳು ಕೊನೆಯದಾಗಿ ಅಳೆದ ಮೈ ಗಂಡನದು. ಕಾಯಿಲೆಯಲ್ಲಿ ಆತ ಇಳಿದುಹೋಗುತ್ತಿದ್ದಾಗ ಮತ್ತೆ ಮತ್ತೆ ಅಳೆದು ಶರ್ಟುಗಳನ್ನು ಒಳಗೆ ಹಿಡಿದು ಹೊಲಿಯುತ್ತಿದ್ದಳು. ಸುಧಾರಿಸುತ್ತಿದ್ದಾರೆ ಎಂದು ಡಾಕ್ಟರು ಹೇಳುತ್ತಿದ್ದರು. ಟೇಪು ಇಲ್ಲ ಎನ್ನುತ್ತಿತ್ತು. ಟೇಪೇ ನಿಜವಾಯಿತು.

ಈಗ ಮನೆಯಲ್ಲಿ ಅವಳು ಮತ್ತು ನಾದಿನಿ. ಜಗಳವಿಲ್ಲ, ಸದ್ದಿಲ್ಲ. ಮಂಚದ ಆ ಬದಿಯ ದಿಂಬಿನ ಕವರನ್ನು ವಾರವಾರವೂ ಒಗೆಯುತ್ತಿದ್ದಳು. ಅದು ಕೊಳೆಯೇ ಆಗಿರುತ್ತಿರಲಿಲ್ಲ.

ಶರ್ಟು ಒಂದೇ ಸಲಕ್ಕೆ ಸರಿಹೋಗಲಿಲ್ಲ. ತೋಳು ಸರಿಯಾದರೆ ಭುಜ ಜಗ್ಗುತ್ತಿತ್ತು. ಆತ ಮತ್ತೆ ಬಂದ, ಮತ್ತೂ ಬಂದ. ಕಾಯುವ ನೆಪದಲ್ಲಿ ಸ್ಟೂಲಿನ ಮೇಲೆ ಕೂತು ಹಲ್ಲಿನ ಪುರಾಣ ಬಿಚ್ಚುತ್ತಿದ್ದ. ಮುದುಕರು ಮದುವೆ ಫೋಟೋ ತಂದು ಇಂಥದ್ದೇ ಹಲ್ಲು ಬೇಕು ಎನ್ನುತ್ತಾರಂತೆ. ದವಡೆ ಸವೆದಿರುವುದನ್ನು ಮಾತ್ರ ಒಪ್ಪುವುದಿಲ್ಲವಂತೆ. ನಾನು ಊಟ ಮಾಡುತ್ತಿದ್ದೇನೆ, ಬೇರೆಯವರ ಬಾಯಿ ವಿಷಯ ಸಾಕು ಎಂದು ನಾದಿನಿ ಡಬ್ಬಿ ಮುಚ್ಚುತ್ತಿದ್ದಳು.

ಆತ ಎದ್ದು ಹೋದ ಮೇಲೆ ಅಂಗಡಿ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಾಣುತ್ತಿತ್ತು. 'ನನಗೇನಾಗಿದೆ?' ಎಂದುಕೊಳ್ಳುವಳು. ಉತ್ತರ ಗೊತ್ತಿತ್ತು. ಗೊತ್ತಿದ್ದುದೇ ತೊಂದರೆ.

ಒಂದು ಮಧ್ಯಾಹ್ನ ಆತ ಕನ್ನಡಿಯ ಮುಂದೆ ನಿಂತು ಎರಡೂ ಕೈ ಅಗಲಿಸಿದ.

"ಕತ್ತಲ್ಲೇ ಟೇಪ್ ಇದೆಯಲ್ಲ. ಒಂದ್ಸಲ ಅಳೆದುಬಿಡಿ."

ಅವಳು ಟೇಪು ತೆಗೆದಳು, ಒಂದು ಹೆಜ್ಜೆ ಇಟ್ಟಳು. ಟೇಪು ಹಿಡಿದ ಕೈಯನ್ನೇ ನೋಡಿದಳು... ಹೋಗುವವರನ್ನು ಅಳೆಯುವ ಕೈ ಇದು...

"ಆಗಲ್ಲ. ಬೇರೆ ಅಂಗಡಿ ನೋಡ್ಕೊಳ್ಳಿ."

ಆತ ಕೈ ಇಳಿಸಿದ. ಮುಖದ ನಗು ಮಾತ್ರ ಕೆಳಗಿಳಿಯಲು ತುಸು ತಡವಾಯಿತು.

"ಮುಟ್ಟೋಕೂ ಬೇಡ ಅನ್ನೋ ಹಾಗಿದೀನಿ ಅಂತ ಗೊತ್ತಿರ್ಲಿಲ್ಲ ಮೇಡಂ. ಸಾರಿ."

ಹಾಗಲ್ಲ ಎನ್ನುವಷ್ಟರಲ್ಲಿ ಆತ ಹೊರಟುಹೋಗಿದ್ದ. ಮರುದಿನದಿಂದ ಮಹಡಿಗೆ ಹಿಂಬದಿಯ ಮೆಟ್ಟಿಲು ಹಿಡಿದ. ಸ್ಟೂಲಿನ ಮೇಲೆ ಬಟ್ಟೆಯ ಗಂಟು ಕೂತಿತು. ಮೇಲಿನಿಂದ ಸಣ್ಣ ಮೋಟಾರಿನ ಗುಂಯ್ ಸದ್ದು ಕೇಳಿಸಿದಾಗಲೆಲ್ಲ ಅವಳ ಕಾಲು ಪೆಡಲಿನ ಮೇಲೆ ಸುಮ್ಮನಾಗುತ್ತಿತ್ತು. ಆತ ಅಲ್ಲೇ ಇದ್ದ, ಒಂದು ಚಾವಣಿಯಷ್ಟು ದೂರದಲ್ಲಿ!

ಮಾತು ತೆಗೆದವಳು ನಾದಿನಿ. ದಾರ ಕಚ್ಚಿ ತುಂಡರಿಸುತ್ತ, ತಲೆಯೆತ್ತದೆ.

"ಅತ್ತಿಗೆ, ಅವನು ನಿಮ್ಮ ಗಂಡ ಆಗೋಕೆ ಮುಂಚೆ ನನ್ನ ಅಣ್ಣ. ಕಂಡೋರಿಗೆಲ್ಲ ಅವನ ಶರ್ಟು ಹೊಲಿದುಕೊಟ್ರೆ ವಾಪಸ್ ಬರ್ತಾನೆ ಅನ್ನೋದಾದ್ರೆ, ನಾನೂ ರಾತ್ರಿಯೆಲ್ಲ ಗುಂಡಿ ಹಾಕ್ತಿದ್ದೆ."

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಅಳೆದ್ರೆ ಇವರೂ ಇಳಿದುಹೋಗ್ತಾರೆ ಅಂತ ತಾನೇ ನಿಮ್ಮ ಭಯ?"

ಅವಳ ಕಣ್ಣು ತುಂಬಿತು. ಯಾರಿಗೂ ಹೇಳದ ಮಾತು ಇವಳಿಗೆ ಹೇಗೆ ಗೊತ್ತು...

"ಇಳೀಬಹುದು. ದಪ್ಪಾನೂ ಆಗಬಹುದು. ಆ ಹೊಟ್ಟೆ ನೋಡಿದ್ರೆ ನಂಗೇನೋ ಎರಡನೇದೇ ಅನ್ಸುತ್ತೆ. ಹೋಗಿ ಅತ್ತಿಗೆ."

ಮೆಟ್ಟಿಲು ಹತ್ತುವಾಗ ಎರಡು ಸಲ ಹಿಂದಿರುಗಿ ನೋಡಿದಳು. ನಾದಿನಿ ಬಾಗಿಲಿಗೆ ಅಡ್ಡ ನಿಂತು ಸೊಂಟದ ಮೇಲೆ ಕೈಯಿಟ್ಟಿದ್ದಳು. ಇಳಿಯುವ ದಾರಿ ಬಂದ್ ಆಗಿತ್ತು.

ಒಳಗೆ ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡಿದ್ದವು. ಆತ ಏಪ್ರನ್ ಕಟ್ಟಿಕೊಂಡು ಒಂದು ಹಲ್ಲನ್ನು ಉಜ್ಜುತ್ತಿದ್ದ. ಅವಳನ್ನು ಕಂಡು ಮೋಟಾರು ಆರಿಸಿದ.

"ನಿಮ್ಮನ್ನ ಮುಟ್ಟಬಾರದು ಅಂತಲ್ಲ..." ಎಂದಳು. ನಿಂತಲ್ಲಿಂದಲೇ ಹೇಳುತ್ತಾ ಹೋದಳು: ಗಂಡನ ಕಾಯಿಲೆ, ಒಳಗೆ ಹಿಡಿದ ಹೊಲಿಗೆಗಳು, ಟೇಪು ಹೇಳಿದ್ದು, ಈತನ ಶರ್ಟನ್ನು ಕೈ ತಾನಾಗಿ ಯಾರ ಅಳತೆಗೆ ಕತ್ತರಿಸಿತ್ತು ಎನ್ನುವುದು. ಮಾತು ಮುಗಿದ ಮೇಲೆ ಆತ ಕೈ ತೊಳೆದು, ಒರೆಸಿಕೊಂಡು, ಏಪ್ರನ್ ಬಿಚ್ಚಿ ಅವಳ ಮುಂದೆ ಬಂದು ನಿಂತ.

"ಭಯ ಆದ್ರೆ ಬೇಡ."

"ಭಯ ಆಗ್ತಿದೆ. ಕೈ ಎತ್ತಿ."

ಟೇಪು ಭುಜದಿಂದ ಭುಜಕ್ಕೆ ಹೋಯಿತು. ಇವನ ಭುಜ ಇಳಿಜಾರಲ್ಲ, ಎರಡೂ ಕಡೆ ಸಮ. ಇಷ್ಟು ದಿನ ಎದುರಿಗೇ ಕೂತಿದ್ದವನನ್ನು ನೋಡಿಯೇ ಇರಲಿಲ್ಲವಲ್ಲ ಎನಿಸಿ ನಾಚಿಕೆಯಾಯಿತು. ಎದೆಯ ಸುತ್ತ ಟೇಪು ತಂದಾಗ ಆತ ಕಲ್ಲಿನಂತೆ ನಿಂತುಬಿಟ್ಟ.

"ಹೊಟ್ಟೆ ಒಳಗೆಳ್ಕೋಬೇಡಿ. ಅಳತೆ ತಪ್ಪುತ್ತೆ."

"ಮೊದಲನೇ ಸಲ ಹತ್ತಿರ ಬಂದಿದೀರಿ. ಸ್ವಲ್ಪ ಮರ್ಯಾದೆ ಉಳಿಸ್ಕೋತೀನಿ."

ಅವಳು ನಕ್ಕಳು, ನಗುತ್ತಲೇ ಅಳು ಬಂತು, ಹಣೆ ಅವನ ಎದೆಗೆ ತಾಗಿತು. ಆತ ಎತ್ತಿದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತುಸು ಹೊತ್ತು ಗಾಳಿಯಲ್ಲೇ ಇಟ್ಟುಕೊಂಡು, ಆಮೇಲೆ ಮೆಲ್ಲಗೆ ಅವಳ ಬೆನ್ನಿನ ಮೇಲೆ ಇಳಿಸಿದ.

"ಬರ್ಕೊಳ್ಳಲ್ವಾ?"

"ನಾಳೆ ಮತ್ತೆ ಅಳೀತೀನಿ."

"ನಾಳೆಗೆ ಬದಲಾಗಿದ್ರೆ?"

ಅವಳು ಕಣ್ಣೊರೆಸಿಕೊಂಡಳು.

"ಆಗಿರ್ಲಿ. ನಾಳೇನೂ ಬನ್ನಿ."